ಯಜಮಾನನಿಲ್ಲದ ಯಜಮಾನಿಕೆ

ನಾಸಿಕ್ ರೋಡ್ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ‘ಔರಂಗಾ…’ ಎಂದವನು ಅಲ್ಲಿಗೇ ತಡೆದು ‘ಸಂಭಾಜಿನಗರ, ಒಂದು’ ಎಂದೆ. ಒಳಗೆ ಕೂತಿದ್ದವರು ತಲೆಯೆತ್ತದೆ ಮುಗುಳ್ನಕ್ಕರು. ದಿನಕ್ಕೆ ಎಷ್ಟು ಜನ ಹೀಗೆ ಒಂದು ಊರಿನ ಅರ್ಧ ಹೆಸರು ಹೇಳಿ ಇನ್ನೊಂದು ಊರಿನ ಟಿಕೆಟ್ ತೆಗೆಸುತ್ತಾರೋ. ಸರ್ಕಾರ 2023ರಲ್ಲಿ ಹೆಸರು ಬದಲಿಸಿತು, ನಾಲಗೆ ಇನ್ನೂ ಬದಲಿಸಿಲ್ಲ. ಊರಿಗೇನೋ ಇದು ರೂಢಿಯಾದದ್ದೇ. 1610ರಲ್ಲಿ ಮಲಿಕ್ ಅಂಬರ್ ಕಟ್ಟಿದಾಗ ಅದು ಖಡ್ಕಿ. ಅವನ ಮಗ ಫತೇಖಾನನ ಕಾಲಕ್ಕೆ ಫತೇನಗರ. 1653ರಲ್ಲಿ ಔರಂಗಜೇಬ್ ದಖ್ಖನಿನ ಸುಬೇದಾರನಾಗಿ ಬಂದ ಮೇಲೆ ಔರಂಗಾಬಾದ್. ನಮ್ಮಲ್ಲೂ 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಗಿದೆ, ಗುಲ್ಬರ್ಗ ಕಲಬುರಗಿಯಾಗಿದೆ. ಆದರೂ ನಿದ್ದೆಗಣ್ಣಲ್ಲಿ ಕೇಳಿದರೆ ಬಾಯಿಗೆ ಬರುವುದು ಯಾವ ಹೆಸರು ಎಂದು ಓದುಗರು ತಮ್ಮನ್ನೇ ಪರೀಕ್ಷಿಸಿಕೊಳ್ಳಬಹುದು.

ಆ ಅರ್ಧ ಸೆಕೆಂಡಿನಲ್ಲಿ ತಲೆಯೊಳಗೆ ಆದದ್ದು ಇಷ್ಟು. ನಲವತ್ತು ವರ್ಷ ಸವೆದು ನುಣುಪಾದ ದಾರಿಯಲ್ಲಿ ಹಳೆಯ ಹೆಸರು ತಾನಾಗಿ ಹೊರಟಿತು. ಏನೋ ತಪ್ಪುತ್ತಿದೆ ಎಂದು ಒಂದು ಕಡೆ ಗಂಟೆ ಬಾರಿಸಿತು. ಹೊರಟದ್ದಕ್ಕೆ ತಡೆ ಬಿತ್ತು. ‘ಈಗ ಹೇಳಬೇಕಾದದ್ದು ಬೇರೆ’ ಎಂಬ ಕಟ್ಟಳೆ ನೆನಪಿನಲ್ಲಿ ನಿಂತಿದ್ದರಿಂದ ಹೊಸ ಹೆಸರು ಮುಂದೆ ಬಂತು. ಮನೋವಿಜ್ಞಾನಿಗಳು ಇದನ್ನೆಲ್ಲ ಸೇರಿಸಿ ಇಟ್ಟ ಹೆಸರಿಗೆ ನಮ್ಮ ಪಠ್ಯಪುಸ್ತಕಗಳು ‘ಕಾರ್ಯನಿರ್ವಾಹಕ ಕ್ರಿಯೆ’ ಎನ್ನುತ್ತವೆ. ನನಗೆ ಅದು ಲೋಕೋಪಯೋಗಿ ಇಲಾಖೆಯ ಕಾರ್ಯನಿರ್ವಾಹಕ ಎಂಜಿನಿಯರರನ್ನು ನೆನಪಿಸುತ್ತದೆ. ನಮ್ಮ ಕೂಡುಕುಟುಂಬಗಳಲ್ಲಿ ಇದ್ದ ಮಾತು ‘ಯಜಮಾನಿಕೆ’. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರನ್ನು ತಡೆಯಬೇಕು, ಮಳೆ ಬಂದರೆ ಯೋಜನೆ ಹೇಗೆ ಬದಲಾಗಬೇಕು ಎಂದು ನೋಡಿಕೊಳ್ಳುವುದು. ಈ ಲೇಖನದಲ್ಲಿ ಅದನ್ನೇ ಬಳಸುತ್ತೇನೆ. ಆ ಯಜಮಾನಿಕೆಯಲ್ಲಿ, ಹಿಡಿದ ದಾರಿ ಬಿಟ್ಟು ಇನ್ನೊಂದಕ್ಕೆ ಹೊರಳುವ ಭಾಗವನ್ನು ‘ಹೊರಳು’ ಎಂದು ಕರೆಯೋಣ. ಪಂಡಿತರು ಇದಕ್ಕೆ ‘ಅರಿವಿನ ನಮ್ಯತೆ’ ಎನ್ನುತ್ತಾರೆ.

ಹೊರಳಲಾರದ ಸ್ಥಿತಿಗೆ ಕನ್ನಡದಲ್ಲಿ ಎಂದಿನಿಂದಲೂ ಹೆಸರಿದೆ: ಹಿಡಿದ ಮೊಲಕ್ಕೆ ಮೂರೇ ಕಾಲು. ನಾವು ಅದನ್ನು ಹಟಮಾರಿಗಳಿಗೆ ಬಯ್ಯಲು ಬಳಸುತ್ತೇವೆ. ಆದರೆ ಮೊಲಕ್ಕೆ ನಾಲ್ಕು ಕಾಲಿದೆ ಎಂದು ಚೆನ್ನಾಗಿ ಗೊತ್ತಿದ್ದೂ ಮೂರೇ ಎಣಿಸುವ ಮನುಷ್ಯರಿದ್ದಾರೆ, ಅವರಲ್ಲಿ ಹಟದ ಸುಳಿವೂ ಇಲ್ಲ.

ಕೆನಡಾದ ಮಾಂಟ್ರಿಯಲ್ಲಿನಲ್ಲಿ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಇದನ್ನು ತೋರಿಸಿಕೊಟ್ಟರು. ಗ್ರಾಂಟ್ ಮತ್ತು ಬರ್ಗ್ 1948ರಲ್ಲಿ ರೂಪಿಸಿದ್ದ ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆಯನ್ನು ಅವರು ಮಿದುಳಿನ ಶಸ್ತ್ರಚಿಕಿತ್ಸೆಯಾದವರ ಮುಂದೆ ಇಟ್ಟರು. ಕಾರ್ಡುಗಳ ಮೇಲೆ ಬೇರೆ ಬೇರೆ ಬಣ್ಣದ, ಆಕಾರದ, ಸಂಖ್ಯೆಯ ಚಿತ್ರಗಳು. ಹೇಗೆ ವಿಂಗಡಿಸಬೇಕೆಂದು ಯಾರೂ ಹೇಳುವುದಿಲ್ಲ, ಇಟ್ಟದ್ದು ಸರಿಯೋ ತಪ್ಪೋ ಎಂದಷ್ಟೇ ಹೇಳುತ್ತಾರೆ. ಬಣ್ಣವೇ ಕಟ್ಟಳೆ ಎಂದು ಒಬ್ಬರು ಕಂಡುಕೊಂಡು ಸಲೀಸಾಗಿ ಇಡತೊಡಗಿದ ಮೇಲೆ, ಸದ್ದಿಲ್ಲದೆ ಕಟ್ಟಳೆ ಆಕಾರಕ್ಕೆ ಬದಲಾಗುತ್ತದೆ. ಬಹುತೇಕರು ಎರಡು ಮೂರು ತಪ್ಪಿನ ನಂತರ ಹೊರಳಿಕೊಳ್ಳುತ್ತಾರೆ. ಹಣೆಯ ಹಿಂದಿನ ಭಾಗದ ಮೇಲ್ಬದಿಯನ್ನು ಕಳೆದುಕೊಂಡವರು ಬಣ್ಣಕ್ಕೇ ಅಂಟಿಕೊಂಡರು. 1963ರಲ್ಲಿ ಮಿಲ್ನರ್ ಪ್ರಕಟಿಸಿದ ಈ ಅಧ್ಯಯನ ಇವತ್ತಿಗೂ ಈ ಕ್ಷೇತ್ರದ ಅಡಿಗಲ್ಲು. ಇಂಥ ರೋಗಿಗಳಲ್ಲಿ ಕೆಲವರು ‘ಇದು ತಪ್ಪು’ ಎಂದು ತಾವೇ ಹೇಳುತ್ತ ಕಾರ್ಡನ್ನು ತಪ್ಪು ಜಾಗಕ್ಕೇ ಇಡುತ್ತಾರೆ. ತಿಳಿವಳಿಕೆಗೂ ಕೈಗೂ ನಡುವಿನ ಕೊಂಡಿ ಕಳಚಿರುತ್ತದೆ.

ಮಿಲ್ನರ್ ಕೆಲಸ ಮಾಡಿದ್ದು ಮಿದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರ ಬಳಗದಲ್ಲಿ. ಆ ಪೆನ್‌ಫೀಲ್ಡರ ಸ್ವಂತ ಅಕ್ಕನ ಕಥೆ ಮಿದುಳಿನ ಪುಸ್ತಕಗಳಲ್ಲಿ ಎಲ್ಲರೂ ಹೇಳುವ ಕಬ್ಬಿಣದ ಸಲಾಕೆ ತಲೆ ತೂರಿಹೋದ ಫಿನಿಯಾಸ್ ಗೇಜನ ಕಥೆಗಿಂತ ನನ್ನನ್ನು ಹೆಚ್ಚು ಕಾಡಿದೆ. ಆಕೆಯ ಮಿದುಳಿನ ಬಲ ಮುಂಭಾಗದಲ್ಲಿ ದೊಡ್ಡ ಗಡ್ಡೆ ಬೆಳೆದಿತ್ತು. 1928ರಲ್ಲಿ ತಮ್ಮನೇ ಶಸ್ತ್ರಚಿಕಿತ್ಸೆ ಮಾಡಿದ. ಆಕೆ ಚೇತರಿಸಿಕೊಂಡರು, ಮಾತು, ನೆನಪು, ಸೌಜನ್ಯ ಎಲ್ಲ ಮೊದಲಿನಂತೆಯೇ. ಸುಮಾರು ಒಂದು ವರ್ಷದ ನಂತರ ಒಬ್ಬ ಅತಿಥಿಗೂ ಮನೆಮಂದಿಗೂ ರಾತ್ರಿ ಊಟಕ್ಕೆ ಅಡುಗೆ ಮಾಡಲು ನಿಂತರು. ಜೀವಮಾನವೆಲ್ಲ ಮಾಡಿದ ಕೆಲಸ. ಊಟದ ಹೊತ್ತಿಗೆ ನೋಡಿದರೆ ಸಾಮಾನೆಲ್ಲ ಅಡುಗೆಮನೆಯಲ್ಲಿದೆ, ಒಂದೆರಡು ಪಾತ್ರೆ ಒಲೆಯ ಮೇಲಿದೆ, ಉಳಿದದ್ದು ಶುರುವೇ ಆಗಿಲ್ಲ, ಆಕೆ ಕಂಗಾಲಾಗಿ ನಿಂತಿದ್ದಾರೆ. ಒಂದೊಂದು ಪದಾರ್ಥ ಮಾಡಲು ಆಕೆಗೆ ಬರುತ್ತಿತ್ತು. ಎಲ್ಲವನ್ನೂ ಹೊಂದಿಸಿ ಒಂದೇ ಹೊತ್ತಿಗೆ ಎಲೆಗೆ ತರುವುದು ಹೋಗಿತ್ತು. ಪೆನ್‌ಫೀಲ್ಡ್ 1935ರಲ್ಲಿ ಸಹೋದ್ಯೋಗಿಯೊಡನೆ ಇದನ್ನು ದಾಖಲಿಸಿದರು. ಹಬ್ಬದ ದಿನ ಅನ್ನ ಆರುವ ಮುಂಚೆ ಹುಳಿ ಕುದಿಸಿ, ಹುಳಿ ಕುದಿಯುವಷ್ಟರಲ್ಲಿ ಕೋಸಂಬರಿಗೆ ಒಗ್ಗರಣೆ ಹಾಕಿ, ನಡುವೆ ಅತ್ತ ಮಗುವನ್ನೂ ಸಮಾಧಾನ ಮಾಡುವ ನಮ್ಮ ಹೆಂಗಸರ ಕೆಲಸವನ್ನು ಯಾರೂ ಬುದ್ಧಿಯ ಪರೀಕ್ಷೆ ಎಂದು ಕರೆದಿಲ್ಲ.

ರೈಲು ಮನಮಾಡಿಗೆ ಬಂತು. ಈ ವಿಷಯದ ಬಗ್ಗೆ ಬರೆಯಬೇಕೆಂದು ಹೊರಟವನಿಗೆ ಇದಕ್ಕಿಂತ ಒಪ್ಪುವ ಜಂಕ್ಷನ್ ಸಿಗಲಾರದು. ಮುಂಬಯಿಯಿಂದ ಭುಸಾವಳದ ಕಡೆ ಹೋಗುವ ದೊಡ್ಡ ಹಳಿಯಿಂದ ಇಲ್ಲಿ ಒಂದು ದೌಂಡಿನ ಕಡೆ, ಇನ್ನೊಂದು ಸಂಭಾಜಿನಗರದ ಕಡೆ ಕವಲೊಡೆಯುತ್ತದೆ. ಅರ್ಲ್ ಮಿಲ್ಲರ್ ಮತ್ತು ಜೊನಾಥನ್ ಕೋಹೆನ್ 2001ರಲ್ಲಿ ಮಂಡಿಸಿದ, ಈಗಲೂ ಹೆಚ್ಚಿನವರು ಒಪ್ಪುವ ವಾದದಲ್ಲಿ ಬಳಸಿದ ಹೋಲಿಕೆಯೂ ಇದೇ: ಮಿದುಳು ಹಳಿಗಳ ಜಾಲ, ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಹಳಿಯ ಕವಲನ್ನು ಸರಿಸುವ ಪಾಯಿಂಟ್ಸ್‌ಮನ್. ಅವನು ರೈಲು ಓಡಿಸುವುದಿಲ್ಲ, ಸರಕು ಹೊರುವುದಿಲ್ಲ. ನೋಡುವುದು, ಕೇಳುವುದು, ಮಾತಾಡುವುದು ಎಲ್ಲ ಬೇರೆಯವರ ಕೆಲಸ. ‘ಈ ಹೊತ್ತು ಗುರಿ ಇಂಥದ್ದು’ ಎಂಬುದನ್ನು ಹಿಡಿದುಕೊಂಡಿದ್ದು, ಅದಕ್ಕೆ ಹೊಂದುವ ಹಳಿಗೆ ಸ್ವಲ್ಪ ಒತ್ತಾಸೆ ಕೊಡುವುದಷ್ಟೇ ಅವನ ಪಾಲು. ಒತ್ತಾಸೆ ಸಿಗದಿದ್ದರೆ ರೈಲು ಹೆಚ್ಚು ಓಡಿ ರೂಢಿಯಾದ ಹಳಿಗೇ ಹೋಗುತ್ತದೆ. ನಾನು ‘ಔರಂಗಾ…’ ಎಂದ ಹಾಗೆ.

ಆದರೆ ಈ ಪಾಯಿಂಟ್ಸ್‌ಮನ್ ಒಬ್ಬನೇ ಅಲ್ಲ, ಒಂದೇ ಕ್ಯಾಬಿನ್ನಿನಲ್ಲೂ ಕೂತಿಲ್ಲ. ಹಣೆಯ ಮೇಲ್ಬದಿ ಕಟ್ಟಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಗುಳಿಯ ಮೇಲಿನ ಭಾಗ, ನಿನ್ನೆ ಲಾಭ ಕೊಟ್ಟದ್ದು ಇವತ್ತು ಕೊಡುತ್ತಿಲ್ಲ ಎಂಬುದನ್ನು ಗಮನಿಸುತ್ತದೆ. ಎರಡು ಅರೆಗೋಳಗಳ ನಡುವಿನ ಸಂದಿನಲ್ಲಿ, ಮುಂದುಗಡೆ, ಎರಡು ಉತ್ತರಗಳ ಜಗಳವನ್ನು ಪತ್ತೆಹಚ್ಚುವ ಭಾಗವಿದೆ; ಗಂಟೆ ಬಾರಿಸುವುದು ಅದು. ನೆತ್ತಿಯ ಹಿಂದಿನ ಪೆರೈಟಲ್ ಭಾಗ ಗಮನವನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತದೆ. ಆಳದಲ್ಲಿರುವ ಸ್ಟ್ರಯೇಟಂ, ಯಾವುದನ್ನು ಒಳಬಿಡಬೇಕು, ಯಾವುದಕ್ಕೆ ಬಾಗಿಲು ಹಾಕಬೇಕು ಎಂದು ಕಾಯುತ್ತದೆ. ಕೇಂಬ್ರಿಜ್‌ನ ಜಾನ್ ಡಂಕನ್ ತೋರಿಸಿದಂತೆ, ಲೆಕ್ಕವಾಗಲಿ, ಚಿತ್ರದ ಒಗಟಾಗಲಿ, ಭಾಷೆಯ ತೊಡಕಾಗಲಿ, ಕೆಲಸ ಕಷ್ಟವಾದ ಕೂಡಲೇ ಹಣೆ ಮತ್ತು ನೆತ್ತಿಯ ಈ ಒಂದೇ ಜಾಲ ಎಚ್ಚರಗೊಳ್ಳುತ್ತದೆ. ಮನೆಯಲ್ಲಿ ಯಜಮಾನಿಕೆ ನಡೆಯುತ್ತಿದೆ, ಜಗಲಿಯಲ್ಲಿ ಯಜಮಾನ ಮಾತ್ರ ಕಾಣುವುದಿಲ್ಲ.

ಹಾಗಾದರೆ ಯಜಮಾನಿಕೆ ಒಂದೇ ಶಕ್ತಿಯೇ, ಹಲವೇ? 2000ದಲ್ಲಿ ಅಕಿರಾ ಮಿಯಾಕೆ ಮತ್ತು ಸಂಗಡಿಗರು 137 ಕಾಲೇಜು ವಿದ್ಯಾರ್ಥಿಗಳಿಗೆ ಬಗೆಬಗೆಯ ಪರೀಕ್ಷೆ ಕೊಟ್ಟು ಲೆಕ್ಕ ಹಾಕಿದಾಗ ಮೂರು ಎಳೆ ಸಿಕ್ಕವು: ತಡೆಯುವುದು, ನೆನಪಿನಲ್ಲಿರುವುದನ್ನು ಹೊಸದಾಗಿಸುತ್ತ ಹೋಗುವುದು, ಹೊರಳುವುದು. ಮೂರೂ ಬೇರೆ ಬೇರೆ, ಆದರೆ ಒಂದಕ್ಕೊಂದು ನಂಟುಳ್ಳವು. ಬೇರೆಯಾಗಿ ಸಂಸಾರ ಹೂಡಿದ ಅಣ್ಣತಮ್ಮಂದಿರಂತೆ ಎನ್ನಬಹುದು.

ಹೊರಳುವುದಕ್ಕೆ ಸುಂಕ ಕೊಡಬೇಕು. ಮನಮಾಡಿನಲ್ಲಿ ಇದೂ ಇತ್ತು. ನಿಜಾಮನ ಸೀಮೆಯಿಂದ ಗೋದಾವರಿ ಕಣಿವೆಯ ರೈಲು 1900ರ ಹೊತ್ತಿಗೆ ಇಲ್ಲಿಗೆ ಮುಟ್ಟಿದಾಗ ಅದು ಮೀಟರ್ ಗೇಜ್, ಮುಂಬಯಿಯದು ಬ್ರಾಡ್ ಗೇಜ್. 1990ರ ದಶಕದಲ್ಲಿ ಗೇಜ್ ಬದಲಾಗುವವರೆಗೆ ಗಂಟುಮೂಟೆ ಇಳಿಸಿ ಬೇರೆ ಗಾಡಿ ಹತ್ತದೆ ಗತಿ ಇರಲಿಲ್ಲ. ಮನಸ್ಸಿನ ಗೇಜ್ ಬದಲಾವಣೆಯನ್ನು ಆರ್ಥರ್ ಜೆರ್ಸಿಲ್ಡ್ 1927ರಲ್ಲೇ ಅಳೆದಿದ್ದ: ಎರಡು ಬಗೆಯ ಕೆಲಸವನ್ನು ಒಂದಾದ ಮೇಲೊಂದರಂತೆ ಬದಲಿಸುತ್ತ ಮಾಡಿದರೆ, ಬೇರೆ ಬೇರೆಯಾಗಿ ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು. 1995ರಲ್ಲಿ ರಾಜರ್ಸ್ ಮತ್ತು ಮಾನ್ಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊರಳು ಬರುತ್ತದೆಂದು ಮೊದಲೇ ಗೊತ್ತಿದ್ದು, ಸಿದ್ಧವಾಗಲು ಸಾಕಷ್ಟು ಸಮಯವಿದ್ದರೂ ಸುಂಕದ ಒಂದು ಭಾಗ ಉಳಿದೇ ಉಳಿಯುತ್ತದೆ. ಮೊಬೈಲ್ ನೋಡುತ್ತ, ಮೀಟಿಂಗಿನಲ್ಲಿ ತಲೆಯಾಡಿಸುತ್ತ, ನಡುವೆ ಇ-ಮೇಲ್ ಬರೆಯುವವರು ಎರಡೆರಡು ಕೆಲಸ ಒಟ್ಟಿಗೆ ಮಾಡುತ್ತಿಲ್ಲ, ಪ್ರತಿ ನಿಮಿಷಕ್ಕೊಮ್ಮೆ ಮನಮಾಡಿನಲ್ಲಿ ಇಳಿದು ಹತ್ತುತ್ತಿದ್ದಾರೆ.

ಮಕ್ಕಳಲ್ಲಿ ಈ ಹಳಿಗಳು ಹಾಸಿಕೊಳ್ಳುತ್ತಿರುವಾಗಲೇ ನೋಡಲು ಸಿಗುತ್ತವೆ. ಫಿಲಿಪ್ ಝೆಲಾಜೊ ರೂಪಿಸಿದ ಆಟವೊಂದರಲ್ಲಿ ಮಗು ಮೊದಲು ಬಣ್ಣದ ಪ್ರಕಾರ ಚಿತ್ರಗಳನ್ನು ಎರಡು ತಟ್ಟೆಗೆ ಹಾಕಬೇಕು, ಆಮೇಲೆ ಆಕಾರದ ಪ್ರಕಾರ. ಮೂರು ವರ್ಷದ ಮಗುವನ್ನು ‘ಈಗ ಮೊಲ ಎಲ್ಲಿ ಹೋಗಬೇಕು?’ ಎಂದು ಕೇಳಿದರೆ ಸರಿಯಾದ ತಟ್ಟೆ ತೋರಿಸುತ್ತದೆ. ‘ಹಾಗಾದರೆ ಹಾಕು’ ಎಂದರೆ ಹಳೆಯ ತಟ್ಟೆಗೇ ಹಾಕುತ್ತದೆ, ಮಿಲ್ನರರ ರೋಗಿಗಳ ಹಾಗೆ. ಐದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಇದು ಸಲೀಸು. ಆದರೆ ಹಣೆಯ ಹಿಂದಿನ ಭಾಗದ ನರತಂತುಗಳಿಗೆ ಕೊಬ್ಬಿನ ಹೊದಿಕೆ ಪೂರ್ತಿಯಾಗುವುದು ಇಪ್ಪತ್ತು ದಾಟಿದ ಮೇಲೆ. ಅಂಗನವಾಡಿಯ ಮಗುವಿಗೆ ‘ಎಷ್ಟು ಸಲ ಹೇಳಬೇಕು ನಿನಗೆ’ ಎಂದು ಗದರುವವರು, ಹೇಳಿದ್ದು ಅದಕ್ಕೆ ತಿಳಿದಿದೆ ಎಂಬುದನ್ನು ಗಮನಿಸಬೇಕು. ಗದರಿದರೆ ಹೊರಳು ಇನ್ನೂ ಕಷ್ಟವಾಗುತ್ತದೆ. ಅದಕ್ಕೆ ರಾಸಾಯನಿಕ ಕಾರಣವಿದೆ.

ಪ್ರಿಫ್ರಂಟಲ್ ಕಾರ್ಟೆಕ್ಸ್ ಕೆಲಸ ಮಾಡುವುದು ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಸಗಳು ಹದವಾಗಿದ್ದಾಗ. ಕಡಿಮೆಯಾದರೆ ಮಂಕು, ಹೆಚ್ಚಾದರೆ ಕಲಕು. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ದಶಕಗಳಿಂದ ತೋರಿಸುತ್ತ ಬಂದಿರುವುದು ಇದನ್ನೇ: ಭಯ, ಒತ್ತಡಗಳಲ್ಲಿ ಇವು ಉಕ್ಕಿದಾಗ ಹಣೆಯ ಹಿಂದಿನ ಕೊಂಡಿಗಳು ಸಡಿಲವಾಗಿ, ಚುಕ್ಕಾಣಿ ಹಳೆಯ ರೂಢಿಗಳ ಕೈಗೆ ಹೋಗುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಈ ಹದದ ಸೂಕ್ಷ್ಮ ಇನ್ನೂ ಚೆನ್ನಾಗಿ ಕಾಣುತ್ತದೆ. ಕೈ ನಡುಕಕ್ಕೆ ಹೆಸರಾದ ಆ ರೋಗ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದನ್ನೂ ಕುಂಟಿಸುತ್ತದೆ. ಡೋಪಮೀನ್ ಹೆಚ್ಚಿಸುವ ಮಾತ್ರೆ ಕೊಟ್ಟಾಗ ಆ ಹೊರಳು ಸುಧಾರಿಸಿತು. ಆದರೆ ಲಾಭನಷ್ಟ ತಿರುವುಮುರುವಾದಾಗ ಅದನ್ನು ಕಲಿತುಕೊಳ್ಳುವ ಇನ್ನೊಂದು ಬಗೆಯ ಹೊರಳು ಅದೇ ಮಾತ್ರೆಯಿಂದ ಹದಗೆಟ್ಟಿತು. ರೋಶನ್ ಕೂಲ್ಸ್ ಮತ್ತು ಸಂಗಡಿಗರ ಈ ಶೋಧನೆಯ ಅರ್ಥ ಸರಳ. ಒಣಗಿದ ಗದ್ದೆಗೆ ಬಿಟ್ಟ ನೀರು ಪಕ್ಕದ ಹಸಿಗದ್ದೆಯನ್ನು ಕೊಳೆಸಿತು. ‘ಮಿದುಳು ಚುರುಕಾಗಲು’ ಎಂದು ಅಂಗಡಿಯಲ್ಲಿ ಸಿಗುವ ಯಾವ ಗುಳಿಗೆಯನ್ನೂ ನಾನು ನಂಬದಿರಲು ಇದೊಂದೇ ಕಾರಣ ಸಾಕು.

ಒತ್ತಡದ ಇನ್ನೊಂದು ಮುಖ ದಾರಿಯಲ್ಲೇ ಇತ್ತು: ಮನಮಾಡಿಗೆ ಮುಂಚೆ ಲಾಸಲಗಾಂವ್ ದಾಟಿತ್ತು. ಈರುಳ್ಳಿಯ ದೊಡ್ಡ ಮಾರುಕಟ್ಟೆ. ಇಲ್ಲಿನ ಹರಾಜಿನ ದರ ನಮ್ಮ ಯಶವಂತಪುರದ ಮಂಡಿಯವರೆಗೂ ಮಾತಾಗುತ್ತದೆ. ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬೆಲೆಗಾಗಿ ಕಾಯುವ ರೈತನ ತಲೆಯಲ್ಲಿ ಏನಾಗುತ್ತಿರುತ್ತದೆ ಎಂಬುದಕ್ಕೆ ತಮಿಳುನಾಡಿನ ಕಬ್ಬಿನ ಗದ್ದೆಗಳಿಂದ ಒಂದು ಉತ್ತರ ಇದೆ. ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್ ಮುಂತಾದವರು 464 ರೈತರಿಗೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಿನ ನಂತರ ಹಣ ಬಂದಾಗ ಒಮ್ಮೆ ತಡೆಯುವ ಮತ್ತು ತರ್ಕಿಸುವ ಪರೀಕ್ಷೆ ಕೊಟ್ಟರು. ಅದೇ ಮನುಷ್ಯ ಹಣ ಕೈಗೆ ಬಂದ ಮೇಲೆ ಚೆನ್ನಾಗಿ ಮಾಡಿದ. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ಸುತ್ತ ವಾದಗಳು ನಡೆದಿವೆ, ನಡೆಯಲಿ. ಸಾಲಗಾರನಿಗೆ ‘ದೂರದೃಷ್ಟಿ ಇಲ್ಲ’ ಎಂದು ತೀರ್ಪು ಕೊಡುವ ಮುನ್ನ, ಆ ದೃಷ್ಟಿಯ ಅರ್ಧವನ್ನು ಸಾಲವೇ ತಿನ್ನುತ್ತಿರಬಹುದು ಎಂಬುದನ್ನು ಮಾತ್ರ ಅದು ನಮ್ಮ ಮುಂದೆ ಇಟ್ಟಿದೆ.

ರೋಟೆಗಾಂವ್ ದಾಟುವಾಗ ಎದುರು ಸೀಟಿನವರ ಫೋನ್ ಬಡಿದುಕೊಂಡಿತು. ಅವರು ಅಲ್ಲಿಯವರೆಗೆ ಪಕ್ಕದವರ ಜೊತೆ ಮರಾಠಿಯಲ್ಲೂ, ಚಹಾ ಮಾರುವ ಹುಡುಗನ ಜೊತೆ ದಖ್ಖನಿಯಲ್ಲೂ ಮಾತಾಡುತ್ತಿದ್ದರು. ಫೋನ್ ಎತ್ತಿ ‘ಹೂಂ ಯವ್ವಾ, ಊಟ ಆಯ್ತಾ’ ಎಂದಾಗ ನನ್ನ ಕಿವಿ ನಿಮಿರಿತು. ಬೀದರ್ ಕಡೆಯವರು, ಸಂಭಾಜಿನಗರದ ಪಕ್ಕದ ವಾಳೂಜಿನ ಕಾರ್ಖಾನೆಯೊಂದರಲ್ಲಿ ಕೆಲಸ. ಇಷ್ಟು ಭಾಷೆಗಳ ನಡುವೆ ಹೇಗೆ ಬದಲಾಯಿಸುತ್ತೀರಿ ಎಂದು ಕೇಳಿದೆ. ‘ನಾ ಎಲ್ಲಿ ಬದಲ್ ಮಾಡ್ತೀನ್ರೀ? ಎದುರಿಗಿದ್ದವ್ರ ಮಾರಿ ನೋಡಿದ್ರ ಮಾತು ತಾನೇ ಬರ್ತದ’ ಎಂದರು.

ಬೀದರಿಗೂ ಸಂಭಾಜಿನಗರಕ್ಕೂ ಇರುವ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ, ಔರಂಗಾಬಾದಿನ ಮರಾಠವಾಡೆಯೂ, ತೆಲಂಗಾಣವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮನ ಕಾಲದಲ್ಲಿ ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡವೋ ಮರಾಠಿಯೋ ತೆಲುಗೋ, ಸಂತೆಯಲ್ಲಿ ಎಲ್ಲವೂ. ಇಂಥ ಬಹುಭಾಷೆಯ ನೆಲವೇ ಮಿದುಳಿನ ಬಗೆಗಿನ ಒಂದು ದೊಡ್ಡ ಜಗಳದಲ್ಲಿ ಸಾಕ್ಷಿ ಹೇಳಿದೆ.

ಜಗಳ ಇದು. 2004ರ ಆಸುಪಾಸಿನಿಂದ ಕೆನಡಾದ ಎಲೆನ್ ಬಿಯಾಲಿಸ್ಟಾಕ್, ಎರಡು ಭಾಷೆ ಬಲ್ಲವರು ತಡೆಯುವ ಮತ್ತು ಹೊರಳುವ ಪರೀಕ್ಷೆಗಳಲ್ಲಿ ಮುಂದಿರುತ್ತಾರೆ ಎಂದು ವಾದಿಸಿದರು. ಕಾರಣ ಚೆಂದವಾಗಿತ್ತು: ಎರಡು ಭಾಷೆ ಬಲ್ಲವನ ತಲೆಯಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ, ಒಂದನ್ನು ಆಡಲು ಇನ್ನೊಂದನ್ನು ಅದುಮಬೇಕು, ಈ ಅದುಮುವುದೇ ದಿನನಿತ್ಯದ ವ್ಯಾಯಾಮ. ಅದುಮುವುದು ನಿಜವೆಂಬುದಕ್ಕೆ 1999ರ ಒಂದು ಪ್ರಯೋಗದಲ್ಲಿ ಸೊಗಸಾದ ಪುರಾವೆ ಸಿಕ್ಕಿತ್ತು. ಅಂಕಿಗಳನ್ನು ಒಮ್ಮೆ ಒಂದು ಭಾಷೆಯಲ್ಲಿ, ಒಮ್ಮೆ ಇನ್ನೊಂದರಲ್ಲಿ ಹೇಳಿಸಿದಾಗ, ಅಷ್ಟಾಗಿ ಬಾರದ ಭಾಷೆಗೆ ಹೋಗುವುದಕ್ಕಿಂತ ಚೆನ್ನಾಗಿ ಬರುವ ಭಾಷೆಗೆ ಮರಳುವುದಕ್ಕೇ ಹೆಚ್ಚು ಸುಂಕ ಬಿತ್ತು. ಬಲವಾದದ್ದನ್ನು ಬಲವಾಗಿಯೇ ಅದುಮಿರುತ್ತೇವೆ, ಅದು ಎದ್ದು ಬರಲು ತಡ. ಹೊರದೇಶದಲ್ಲಿ ವರ್ಷವಿದ್ದು ಬಂದವರು ಕನ್ನಡದಲ್ಲಿ ತಡವರಿಸಿದಾಗ ನಾವು ‘ಜಂಭ’ ಎನ್ನುತ್ತೇವೆ. ಎಲ್ಲವೂ ಜಂಭವಿರಲಾರದು.

ಆದರೆ 2013ರ ಹೊತ್ತಿಗೆ ಕೆನೆತ್ ಪಾಪ್ ಮುಂತಾದವರು ಇದೇ ಪರೀಕ್ಷೆಗಳನ್ನು ಮತ್ತೆ ಮಾಡಿ, ಮೇಲುಗೈ ಎಲ್ಲೂ ಕಾಣುತ್ತಿಲ್ಲ ಎಂದರು. ಮೇಲುಗೈ ಕಂಡ ಪ್ರಬಂಧಗಳು ಸುಲಭವಾಗಿ ಪ್ರಕಟವಾಗುತ್ತವೆ, ಕಾಣದವು ಕಪಾಟಿನಲ್ಲೇ ಉಳಿಯುತ್ತವೆ ಎಂಬುದೂ ಬಯಲಾಯಿತು. 2018ರಲ್ಲಿ ಲೆಹ್ಟೊನೆನ್ ಮತ್ತು ಸಂಗಡಿಗರು ನೂರಾರು ಫಲಿತಾಂಶಗಳನ್ನು ಒಟ್ಟಿಗೆ ತೂಗಿದಾಗ, ಪ್ರಕಟಣೆಯ ಈ ಪಕ್ಷಪಾತವನ್ನು ಕಳೆದ ಮೇಲೆ, ವಯಸ್ಕರಲ್ಲಿ ಏನೂ ಉಳಿಯಲಿಲ್ಲ. ‘ಮಗುವಿಗೆ ಎರಡು ಭಾಷೆ ಕಲಿಸಿ, ಬುದ್ಧಿ ಚುರುಕಾಗುತ್ತದೆ’ ಎಂಬ ಜಾಹೀರಾತು ಮಾತ್ರ ಹಾಗೆಯೇ ಓಡುತ್ತಿದೆ. ಮಗುವಿಗೆ ಎರಡು ಭಾಷೆ ಯಾಕೆ ಬೇಕೆಂದರೆ ಎರಡು ಅಜ್ಜಿಯರ ಜೊತೆ ಮಾತಾಡಲು. ಅದಕ್ಕಿಂತ ದೊಡ್ಡ ಕಾರಣ ನನಗೆ ಬೇಡ.

ಇನ್ನು ಹೈದರಾಬಾದಿನ ಸಾಕ್ಷ್ಯ. ಅಲ್ಲಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿದ್ದ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪ್ರಾಧ್ಯಾಪಕಿಯಾಗಿರುವ ಸುವರ್ಣಾ ಅಲ್ಲಾಡಿ, ಎಡಿನ್‌ಬರೋದ ಥಾಮಸ್ ಬಾಕ್ ಮೊದಲಾದವರ ಜೊತೆ ಮರೆವಿನ ರೋಗದ 648 ಜನರ ದಾಖಲೆಗಳನ್ನು ಪರಿಶೀಲಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲ 391 ಮಂದಿಗೆ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ. ಪಶ್ಚಿಮದ ಅಧ್ಯಯನಗಳಿಗೆ ಎದುರಾಗುವ ದೊಡ್ಡ ಆಕ್ಷೇಪ, ಎರಡು ಭಾಷೆ ಬಲ್ಲವರು ವಲಸಿಗರೋ ಹೆಚ್ಚು ಓದಿದವರೋ ಆಗಿರುತ್ತಾರೆ, ಲಾಭ ಅದರಿಂದ ಬಂದಿರಬಹುದು ಎಂಬುದು. ಹೈದರಾಬಾದಿನಲ್ಲಿ ಬಹುಭಾಷಿಕರು ಅಲ್ಲೇ ಹುಟ್ಟಿ ಬೆಳೆದವರು. ಅಷ್ಟೇ ಅಲ್ಲ, ಅಕ್ಷರವೇ ಬಾರದವರಲ್ಲೂ ಈ ಅಂತರ ಕಂಡಿತು, ಸುಮಾರು ಆರು ವರ್ಷ. ಶಾಲೆಯ ಮೆಟ್ಟಿಲು ಹತ್ತದ, ಸಂತೆಯಲ್ಲಿ ಭಾಷೆ ಕಲಿತವರು ಇವರು. 2016ರಲ್ಲಿ ಇದೇ ಬಳಗ ಪಾರ್ಶ್ವವಾಯು ಹೊಡೆದ 608 ಜನರನ್ನು ನೋಡಿತು. ಆಘಾತದ ನಂತರವೂ ಬುದ್ಧಿಶಕ್ತಿ ಮಾಮೂಲಾಗಿ ಉಳಿದವರು ಬಹುಭಾಷಿಕರಲ್ಲಿ ಶೇ. 40.5, ಏಕಭಾಷಿಕರಲ್ಲಿ ಶೇ. 19.6.

ಎರಡು ಸಾಕ್ಷ್ಯಗಳು ಹೊಂದುವುದು ಹೇಗೆ? ಗಟ್ಟಿ ಯೌವನದಲ್ಲಿ ಎಲ್ಲರ ಹಳಿಯೂ ನೆಟ್ಟಗಿರುತ್ತದೆ, ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲು ಜಾಗವೇ ಇಲ್ಲ. ಹಳಿ ಮುರಿದಾಗ ಪರ್ಯಾಯ ದಾರಿ ಇದ್ದವನು ಇನ್ನಷ್ಟು ದಿನ ಓಡುತ್ತಾನೆ ಎಂಬುದು ಒಂದು ವಿವರಣೆ. ನನಗೆ ಇದು ಒಪ್ಪಿಗೆಯಾಗುತ್ತದೆ, ಆದರೆ ಕೈಯಲ್ಲಿರುವುದು ಆಸ್ಪತ್ರೆಗೆ ಬಂದವರ ಲೆಕ್ಕ. ಆಸ್ಪತ್ರೆಗೆ ಯಾರು, ಯಾವಾಗ ಬರುತ್ತಾರೆ ಎಂಬುದಕ್ಕೆ ನೂರೆಂಟು ಕಾರಣಗಳಿರುತ್ತವೆ. ಜನ ಆಸ್ಪತ್ರೆಗೆ ಬರುವವರೆಗೆ ಕಾಯದೆ ಊರಿಗೇ ಹೋಗಿ ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು ಮಿದುಳಿನ ಚಿತ್ರ, ರಕ್ತ, ನೆನಪು, ಯಜಮಾನಿಕೆ ಎಲ್ಲವನ್ನೂ ಮತ್ತೆ ಮತ್ತೆ ಅಳೆಯುತ್ತಿದೆ. ತೆಲುಗು, ಕನ್ನಡ ಬೆರೆತ ಸೀಮೆ ಬೇರೆ.

ಅಳೆಯುವ ಕೋಲಿನ ಮಾತೂ ಇದೆ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಅಮೆರಿಕದ ಕಾಲೇಜುಗಳಲ್ಲಿ ಹುಟ್ಟಿದವು. ಅಂಕಿಗಳನ್ನೂ ಎ ಬಿ ಸಿ ಡಿಯನ್ನೂ ಸರದಿಯಂತೆ ಗೆರೆ ಎಳೆದು ಜೋಡಿಸಬೇಕಾದ ಪರೀಕ್ಷೆಯೊಂದಿದೆ. ಇಂಗ್ಲಿಷ್ ಅಕ್ಷರಮಾಲೆ ಬಾರದ ಶ್ರೀನಿವಾಸಪುರದ ರೈತ ಅದರಲ್ಲಿ ಸೋತರೆ ಅವನ ಹಣೆಯ ಹಿಂದಿನ ಭಾಗಕ್ಕೆ ಏನೂ ಆಗಿಲ್ಲ. ನಿಮ್ಹಾನ್ಸ್‌ನ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ಅದರ ಜಾಗಕ್ಕೆ ಬಣ್ಣ ಮತ್ತು ಅಂಕಿಗಳ ಸರದಿಯ ಪರೀಕ್ಷೆ ಬಂತು. ವಯಸ್ಸು, ಲಿಂಗ, ಓದು ಮೂರಕ್ಕೂ ತಕ್ಕ ಭಾರತೀಯ ಅಳತೆಗಳು ಬಂದವು. ಪತ್ರಿಕೆಗಳಲ್ಲಿ ಸುದ್ದಿಯಾಗದ ಇಂಥ ಕೆಲಸದ ಮೇಲೆಯೇ ಉಳಿದ ಮಾತೆಲ್ಲ ನಿಂತಿದೆ.

ಅಭ್ಯಾಸದಿಂದ ಈ ಶಕ್ತಿ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಕನ್ನಡಿಗರ ಬಳಿ ಒಂದು ಒಳ್ಳೆಯ ಉದಾಹರಣೆ ಇದೆ: ಅವಧಾನ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದವರಿಗೆ ಗೊತ್ತು. ಪ್ರಶ್ನೆ ಹಾಕಲು ಎಂಟು ಪೃಚ್ಛಕರು. ಒಬ್ಬರು ಸಮಸ್ಯೆಯ ಸಾಲು ಕೊಡುತ್ತಾರೆ, ಒಬ್ಬರು ನಾಲ್ಕು ಎಡವಟ್ಟು ಪದ ಕೊಟ್ಟು ಪದ್ಯ ಕೇಳುತ್ತಾರೆ. ನಿಷೇಧಾಕ್ಷರಿಯವರು ಅವಧಾನಿ ಮುಂದೆ ಹೇಳಲಿರುವ ಅಕ್ಷರವನ್ನು ಊಹಿಸಿ ಅದನ್ನೇ ಬೇಡವೆನ್ನುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಚೌಕದ ಒಂದು ಮನೆಯ ಅಂಕಿ ಕೇಳುತ್ತಾರೆ. ಒಂದೊಂದು ಸುತ್ತಿನಲ್ಲಿ ಒಂದೊಂದೇ ಪಾದ. ಕಾಗದ ಲೇಖನಿ ಇಲ್ಲ. ಇದರ ಮೇಲೆ ಅಪ್ರಸ್ತುತಪ್ರಸಂಗದವರು ಯಾವಾಗ ಬೇಕಾದರೂ ತಲೆಹರಟೆ ಪ್ರಶ್ನೆ ಹಾಕಿ ಗಮನ ಕೆಡಿಸುತ್ತಾರೆ, ಅದಕ್ಕೂ ಸಭೆ ನಗುವಂತೆ ಉತ್ತರ ಬರಬೇಕು. ಮಿಯಾಕೆಯವರ ಮೂರು ಎಳೆಗಳೂ ಇಲ್ಲಿ ಒಂದೇ ವೇದಿಕೆಯಲ್ಲಿವೆ: ನಿಷೇಧಾಕ್ಷರಿ ತಡೆ, ಹೇಳಿದ ಪಾದಗಳನ್ನು ಹಿಡಿದಿಡುವ ಧಾರಣ ನೆನಪು, ಪೃಚ್ಛಕನಿಂದ ಪೃಚ್ಛಕನಿಗೆ ಹೋಗುವುದು ಹೊರಳು. ಪ್ರಯೋಗಾಲಯಗಳು ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ್ದನ್ನು ನಮ್ಮ ಕಾವ್ಯಪರಂಪರೆ ರಂಜನೆಗಾಗಿ ಎಂದೋ ಕಟ್ಟಿತ್ತು.

ಹಾಗೆಂದು ಅವಧಾನಿ ಮನೆಗೆ ಹೋಗಿ ಮರೆತ ಕೊಡೆಯನ್ನು ಬೇಗ ಹುಡುಕುತ್ತಾರೆಯೇ? ಇಲ್ಲಿ ಒಬ್ಬ ಕನ್ನಡತಿಯ ಸಾಕ್ಷ್ಯವಿದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು ಮನೋವಿಜ್ಞಾನಿ ಆರ್ಥರ್ ಜೆನ್ಸನ್ 1988ರಲ್ಲಿ ಬರ್ಕ್‌ಲಿಯಲ್ಲಿ ಪರೀಕ್ಷಿಸಿದರು. ದೊಡ್ಡ ದೊಡ್ಡ ಸಂಖ್ಯೆಗಳ ಮೂಲಗಳನ್ನು ಅವರು ಪ್ರಶ್ನೆ ಮುಗಿಯುವಷ್ಟರಲ್ಲಿ ಹೇಳಿದರು. ಆದರೆ ದೀಪ ಹೊತ್ತಿದಾಗ ಗುಂಡಿ ಒತ್ತುವಂಥ, ಮಿದುಳಿನ ಸಾಮಾನ್ಯ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಅವರು ಎಲ್ಲರಂತೆಯೇ ಇದ್ದರು. ಅಸಾಮಾನ್ಯವಾದದ್ದು ಅಂಕಿಗಳ ಲೋಕದಲ್ಲಿ ಮಾತ್ರ. ಬ್ರಿಟನ್ನಿನಲ್ಲಿ 2010ರಲ್ಲಿ 11,430 ಜನ ಆರು ವಾರ ಕಂಪ್ಯೂಟರಿನಲ್ಲಿ ಮಿದುಳಿನ ಕಸರತ್ತು ಮಾಡಿದರು. ಅಭ್ಯಾಸ ಮಾಡಿದ ಆಟದಲ್ಲಿ ಎಲ್ಲರೂ ಪಳಗಿದರು, ಬೇರೆ ಆಟಕ್ಕೆ ಅದು ದಾಟಲಿಲ್ಲ. 2016ರಲ್ಲಿ ಲುಮಾಸಿಟಿ ಎಂಬ ಮಿದುಳಿನ ಆಟಗಳ ಕಂಪನಿ, ಆಧಾರವಿಲ್ಲದ ಭರವಸೆಗಳ ದೂರನ್ನು ಬಗೆಹರಿಸಿಕೊಳ್ಳಲು ಅಮೆರಿಕದಲ್ಲಿ 20 ಲಕ್ಷ ಡಾಲರ್ ತೆತ್ತಿತು. ಅಬಾಕಸ್ ತರಗತಿಯ ಕರಪತ್ರ ಹಿಡಿದು ಬರುವವರಿಗೆ ನಾನು ಶಕುಂತಲಾ ದೇವಿಯವರ ಈ ಕಥೆ ಹೇಳುತ್ತೇನೆ. ಕರಪತ್ರದವರು ಮತ್ತೆ ಬರುವುದಿಲ್ಲ.

ಯಜಮಾನಿಕೆಯನ್ನು ಕಾಯುವ ಸಂಗತಿಗಳು ಇದಕ್ಕಿಂತ ಸಪ್ಪೆಯಾದವು. ಹಣೆಯನ್ನೂ ಆಳದ ಭಾಗಗಳನ್ನೂ ಜೋಡಿಸುವ ಉದ್ದನೆಯ ತಂತುಗಳಿಗೆ ರಕ್ತ ಕೊಡುವ ನಾಳಗಳು ಕೂದಲಿನಷ್ಟು ಸಣ್ಣವು. ರಕ್ತದೊತ್ತಡ, ಸಕ್ಕರೆ ರೋಗ ಹಾಳುಮಾಡುವುದು ಇವನ್ನೇ. ಅದಕ್ಕೇ ಇಂಥವರಲ್ಲಿ ಅನೇಕ ಸಲ ಮೊದಲು ಕೆಡುವುದು ನೆನಪಲ್ಲ, ಹೊರಳು. ಅಪ್ಪನಿಗೆ ಎಲ್ಲರ ಹೆಸರೂ ನೆನಪಿದೆ, ಆದರೆ ಬ್ಯಾಂಕಿನ ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ ಚೆಕ್ಕು ಅಲ್ಲೇ ಬಿಟ್ಟು ಬರುತ್ತಾರೆ. ಮನೆಯವರು ‘ವಯಸ್ಸಾಯಿತು, ಹಟ ಹೆಚ್ಚಾಯಿತು’ ಎನ್ನುತ್ತಾರೆ. ಬಿ.ಪಿ. ನೋಡಿಸಿದರೆ ಆಗ ಕಾರಣ ಸಿಗಬಹುದು. ನಿದ್ದೆಗೆಟ್ಟ ರಾತ್ರಿಯ ಮರುದಿನ ನಾವೆಲ್ಲ ಸ್ವಲ್ಪ ಸ್ವಲ್ಪ ಹಾಗೆಯೇ ಇರುತ್ತೇವೆ.

ಸಂಭಾಜಿನಗರ ಬಂತು. ಮರುದಿನ ವೇರುಳಿಗೆ, ನಾವು ಎಲ್ಲೋರ ಎನ್ನುವ ಊರಿಗೆ, ಹೋದೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡೆದಿದ್ದಾರೆ. ಶಿಖರ ಮೊದಲು, ತಳ ಕೊನೆಗೆ. ಕಲ್ಲು ತೆಗೆಯಬಹುದು, ಮತ್ತೆ ಸೇರಿಸಲಾಗದು. ಕೆಳಗೆ ಕಲ್ಲಿನ ಆನೆಗಳು ಬರುವ ಜಾಗವನ್ನು ಮೇಲೆ ನಿಂತವನು ಮುಟ್ಟದೆ ಬಿಡಬೇಕು. ಅವನು ಆ ಆನೆಗಳನ್ನು ನೋಡುವಷ್ಟು ದಿನ ಬದುಕಿದ್ದನೋ ಇಲ್ಲವೋ. ಮುಂದಾಲೋಚನೆ ಅಳೆಯಲು ಮೂರು ಕಡ್ಡಿ, ಮೂರು ಮಣಿಗಳ ‘ಲಂಡನ್ ಗೋಪುರ’ ಎಂಬ ಪರೀಕ್ಷೆ ಇದೆ, ಒಬ್ಬೊಬ್ಬರೇ ಕೂತು ಮಾಡುವುದು. ಇಲ್ಲಿ ಯೋಜನೆ ಯಾರೊಬ್ಬರ ಹಣೆಯ ಹಿಂದೆಯೂ ಇದ್ದಿರಲಾರದು. ಹಗ್ಗದಲ್ಲಿ, ಗೆರೆಯಲ್ಲಿ, ಗುರುವಿನಿಂದ ಶಿಷ್ಯನಿಗೆ ಹೋದ ಮಾತಿನಲ್ಲಿ ಹಂಚಿಹೋಗಿತ್ತು. ಮಿದುಳಿನ ಪುಸ್ತಕಗಳು ಇದರ ಬಗ್ಗೆ ಮಾತಾಡುವುದು ಕಡಿಮೆ.

ವಾಪಸ್ ಬರುವಾಗ ಆಟೋದವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಫೋನಿನಲ್ಲಿ ಮನೆಗೆ ಮರಾಠಿಯಲ್ಲಿ ಸೊಪ್ಪು ತರುವ ಮಾತಾಡಿ, ಅಡ್ಡ ಬಂದ ಸ್ಕೂಟರಿನವನನ್ನು ದಖ್ಖನಿಯಲ್ಲಿ ಬಯ್ದು, ತಿರುಗಿ ನನ್ನನ್ನು ಹಿಂದಿಯಲ್ಲಿ ಕೇಳಿದರು, ಸ್ಟೇಷನ್ನೋ ಬಸ್ ಸ್ಟ್ಯಾಂಡೋ ಎಂದು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎಂದು ಹೈದರಾಬಾದಿನ ಅಧ್ಯಯನವೇ ಹೇಳಿದೆ. ಅದನ್ನು ಅವರಿಗೆ ಹೇಳಬೇಕೆನಿಸಿತು, ಆದರೆ ಯಾವ ಭಾಷೆಯಲ್ಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಆಟೋವನ್ನು ಸ್ಟೇಷನ್ನಿನ ಕಡೆ ತಿರುಗಿಸಿದ್ದರು.